ಮುಳ್ಳು ಏರದ ಗಾಡಿ
ಲೇಹ್ ದಿನಚರಿಯ ಪುಟಗಳು, 2023

ಜನವರಿ 5, ಗುರುವಾರ

ಚುಮಥಾಂಗ್ ಕಡೆಯ ಕೆಲಸ ಮುಗಿಸಿ ಸಂಜೆ ವಾಪಸ್ಸು ಬಂದೆವು. ಉಪ್ಶಿ ದಾಟುವ ಹೊತ್ತಿಗೆ ಬಿಸಿಲು ಬೆಟ್ಟದಾಚೆ ಹೋಗಿತ್ತು. ಅಲ್ಲಿಂದ ಲೇಹ್‌ವರೆಗೆ, ಸುಮಾರು 50 ಕಿಲೋಮೀಟರ್, ಹೀಟರ್ ಊದಿದ್ದೆಲ್ಲ ತಣ್ಣನೆ ಗಾಳಿ. ಬ್ಲೋವರ್ ಒಂದರಲ್ಲಿಟ್ಟರೂ ಅಷ್ಟೆ, ನಾಲ್ಕರಲ್ಲಿಟ್ಟರೂ ಅಷ್ಟೆ. ನಮ್ಮ ಉಸಿರು ಮುಂದಿನ ಗಾಜಿನ ಒಳಮೈಗೆ ಅಂಟಿ ಹೆಪ್ಪುಗಟ್ಟುತ್ತಿತ್ತು. ಪಕ್ಕದಲ್ಲಿ ಕೂತ ಅಚೋಲೇ (ಆಫೀಸಿನಲ್ಲಿ ನಮಗೆಲ್ಲ ಅಣ್ಣನ ಸ್ಥಾನದವರು) ಪ್ಲಾಸ್ಟಿಕ್ ಕಾರ್ಡಿನಿಂದ ಅದನ್ನು ಕೆರೆಯುತ್ತಲೇ ಬಂದರು. ಕೆರೆದಷ್ಟು ಜಾಗದಲ್ಲಿ ರಸ್ತೆ ನೋಡಿಕೊಂಡು ಓಡಿಸಿದೆ. ಸಿಂಧೂ ನದಿಯ ಅಂಚಿನ ರಸ್ತೆಯಲ್ಲಿ ಹೀಗೆ ಓಡಿಸುವುದು ಸುರಕ್ಷಿತವಲ್ಲ. ಚಳಿ ತಡೆದುಕೊಳ್ಳಬಹುದು, ಗಾಜು ಕಾಣದೆ ಹೋದರೆ ಏನು ಮಾಡುವುದು?

ಮರೆಯುವ ಮುಂಚೆ ಕಂಡದ್ದನ್ನು ಬರೆದಿಡುತ್ತೇನೆ. ಟೆಂಪರೇಚರ್ ಮುಳ್ಳು ದಾರಿಯುದ್ದಕ್ಕೂ ತಳದಲ್ಲೇ ಇತ್ತು. ಕಾರು ಎಂಬ ಊರು ದಾಟಿದ ಮೇಲೆ ಒಂದೆರಡು ಏರಿನಲ್ಲಿ ಮಾತ್ರ ಗಾಳಿ ಸ್ವಲ್ಪ ಬೆಚ್ಚಗಾಯಿತು, ಇಳಿಜಾರು ಬಂದ ಕೂಡಲೇ ಮತ್ತೆ ತಣ್ಣಗೆ. ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಅನ್ನುವ ಸದ್ದಿಲ್ಲ. ಕಾಲಡಿಯ ಮ್ಯಾಟ್ ಒದ್ದೆಯಾಗಿಲ್ಲ, ಸಿಹಿ ವಾಸನೆಯೂ ಇಲ್ಲ.

18ಕ್ಕೆ ಹಾನ್ಲೆಗೆ ಹೋಗಬೇಕು. 250 ಕಿಲೋಮೀಟರ್ ಮೀರಿದ ದಾರಿ, ಮುಟ್ಟುವುದು 4,500 ಮೀಟರ್ ಎತ್ತರಕ್ಕೆ. ಅಲ್ಲಿನ ಬೆಟ್ಟದ ಮೇಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ತಿರುಗಿಸುತ್ತಾರೆ. ನನ್ನ ಹವಾಮಾನ ಉಪಕರಣಗಳಿಗೆ ಆ ಭಾಗ್ಯವಿಲ್ಲ. ಒಂದು ಸೆನ್ಸರ್ ಕೆಟ್ಟರೂ ಗಾಡಿ ಹತ್ತಿ ಅಲ್ಲಿಗೇ ಹೋಗಬೇಕು. ಈ ಹೀಟರನ್ನು ಇಟ್ಟುಕೊಂಡು ಹೋಗಲಾರೆ.

ಜನವರಿ 6, ಶುಕ್ರವಾರ

ಹೀಟರ್ ಎಂದು ಕರೆದರೂ ಈ ಗಾಡಿಯದು ಸ್ವಂತವಾಗಿ ಬಿಸಿ ಹುಟ್ಟಿಸುವುದಿಲ್ಲ. ಇಂಜಿನ್ ಬೇಡವೆಂದು ಹೊರಹಾಕುವ ಬಿಸಿಯನ್ನೇ ಅದು ಒಳಗೆ ತರುತ್ತದೆ. ಸುಟ್ಟ ಡೀಸೆಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಚಕ್ರಕ್ಕೆ ಹೋದರೆ, ಉಳಿದದ್ದು ಸೈಲೆನ್ಸರಿನ ಹೊಗೆಯಲ್ಲಿ ಮತ್ತು ಇಂಜಿನ್ ಸುತ್ತ ಹರಿಯುವ ಕೂಲಂಟಿನಲ್ಲಿ ಹೋಗುತ್ತದೆ. ಆ ಕೂಲಂಟಿನ ಒಂದು ಕವಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ, ಹೋಗಿ ಮರಳುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ಬಿಸಿ ಗಾಳಿ ಎಷ್ಟು, ತಣ್ಣನೆ ಗಾಳಿ ಎಷ್ಟು ಎಂದು ನಡುವೆ ಒಂದು ಕದ ತೀರ್ಮಾನಿಸುತ್ತದೆ. ತಣ್ಣನೆ ಗಾಳಿ ಬರುತ್ತಿದೆ ಎಂದರೆ ಈ ದಾರಿಯಲ್ಲಿ ಎಲ್ಲೋ ಬಿಸಿ ತಪ್ಪಿಹೋಗುತ್ತಿದೆ. ಎಲ್ಲಿ ಎಂಬುದು ತಿಳಿಯದೆ ಸಾಮಾನು ಬದಲಾಯಿಸಲು ಹೊರಡುವುದು ದುಡ್ಡು ಸುರಿದಂತೆ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ. ಬಿಸಿ ಇರುವಾಗ ಅದನ್ನು ಮುಟ್ಟಲೇಬಾರದು. ಒಳಗೆ ಒತ್ತಡವಿರುತ್ತದೆ, ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಕಂಠದವರೆಗೂ ಇದೆ. ಹೀಟರ್ ತಣ್ಣಗಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಕೂಲಂಟ್ ಕಡಿಮೆಯಾಗುವುದೇ, ಏಕೆಂದರೆ ಹೆಚ್ಚಿನ ಗಾಡಿಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುತ್ತದೆ, ನೀರು ಇಳಿದರೆ ಮೊದಲು ಗಾಳಿ ತುಂಬುವುದು ಅಲ್ಲಿ. ನಮ್ಮ ಗಾಡಿಯಲ್ಲಿ ಅದಲ್ಲ ಎಂದಾಯಿತು.

ಆದರೆ ಬಣ್ಣ ಹಿಡಿಸಲಿಲ್ಲ. ಅಕ್ಟೋಬರಿನಲ್ಲಿ ಹಾಕಿಸಿದ ಹಸಿರು ಕೂಲಂಟ್ ಈಗ ಕಂದು ಬಣ್ಣಕ್ಕೆ ತಿರುಗಿದೆ. ಬೆರಳಿಗೆ ತುಕ್ಕಿನ ಪುಡಿ ಹತ್ತಿತು. ಆಫೀಸಿನ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದರೆ ಹೆಪ್ಪುಗಟ್ಟುವ ಬಿಂದು ಮೈನಸ್ 34 ಎಂದು ತೋರಿಸಿತು. ಹಾಗಾಗಿ ಒಳಗೆ ಮಂಜಾಗಿ ದಾರಿ ಕಟ್ಟಿದೆ ಎಂಬ ಅನುಮಾನವೂ ಹೋಯಿತು. ಇಲ್ಲಿ ಕೆಲವರು ಚಳಿಗೆ ಹೆದರಿ ನೀರೇ ಬೆರೆಸದ ಕೂಲಂಟ್ ಸುರಿಯುತ್ತಾರೆ. ಅಪ್ಪಟ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಸಮಪಾಲು ನೀರು ಸೇರಿದಾಗಲೇ ಅದು ಮೈನಸ್ 37ರವರೆಗೆ ತಾಳುವುದು. ಈ ಮಾತನ್ನು ಎಲ್ಲರಿಗೂ ಹೇಳಬೇಕು.

ಜನವರಿ 7, ಶನಿವಾರ

ಇವತ್ತಿನದು ಅಳತೆಯ ಕೆಲಸ. ಆಫೀಸಿನಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದೆ. ಅಲ್ಯುಮಿನಿಯಂ ಹೊಳೆಯುವ ಲೋಹ, ಅದಕ್ಕೆ ನೇರವಾಗಿ ಗುರಿಯಿಟ್ಟರೆ ಸುಳ್ಳು ಅಂಕಿ ಬರುತ್ತದೆ. ಅದಕ್ಕೆ ಅಳೆಯುವ ಕಡೆಯೆಲ್ಲ ಕಪ್ಪು ಟೇಪು ಅಂಟಿಸಿಕೊಂಡೆ.

ಹೊರಗೆ ಮೈನಸ್ 9. ಇಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಪೈಪಿನ ಮೇಲೆ ಕೈ ಇಟ್ಟೆ. ಆರೋಗ್ಯವಾಗಿರುವ ಗಾಡಿಯಲ್ಲಿ ಈ ಪೈಪು ಬಹಳ ಹೊತ್ತು ತಣ್ಣಗೇ ಇದ್ದು, ಇಂಜಿನ್ ಕಾದ ಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇದು ಮೊದಲ ನಿಮಿಷದಿಂದಲೇ ಇಂಜಿನ್ ಜೊತೆಜೊತೆಗೆ ನಿಧಾನವಾಗಿ ಬೆಚ್ಚಗಾಯಿತು. ಅಂದರೆ ಕೂಲಂಟ್ ಶುರುವಿನಿಂದಲೇ ರೇಡಿಯೇಟರಿಗೆ ಓಡುತ್ತಿದೆ. ಅದನ್ನು ತಡೆದು ನಿಲ್ಲಿಸಬೇಕಾದ ಥರ್ಮೋಸ್ಟಾಟ್ ತಡೆಯುತ್ತಿಲ್ಲ.

ಡೀಸೆಲ್ ಇಂಜಿನನ್ನು ಈ ಚಳಿಯಲ್ಲಿ ನಿಂತಲ್ಲೇ ಎಷ್ಟು ಹೊತ್ತು ಓಡಿಸಿದರೂ ಸರಿಯಾಗಿ ಕಾಯುವುದಿಲ್ಲ, ಹೊರೆ ಬೀಳಬೇಕು. ಚೋಗ್ಲಮ್‌ಸಾರ್‌ವರೆಗೆ ಹೋಗಿಬಂದು ಅಳೆದೆ. ಥರ್ಮೋಸ್ಟಾಟ್ ಹೌಸಿಂಗ್ 48 ಡಿಗ್ರಿ. ಹೀಟರಿಗೆ ಹೋಗುವ ಪೈಪು 45. ಹೀಟರಿನಿಂದ ಮರಳುವ ಪೈಪು 17. ಒಳಗೆ ಬರುವ ಗಾಳಿ 12.

ಈ ನಾಲ್ಕು ಅಂಕಿಗಳನ್ನು ಬರೆದುಕೊಂಡು ಬಹಳ ಹೊತ್ತು ನೋಡಿದೆ. ಇಲ್ಲಿರುವುದು ಒಂದು ಕಾಯಿಲೆಯಲ್ಲ, ಎರಡು. ಇಂಜಿನ್ 80 ದಾಟಬೇಕಿತ್ತು, 48ಕ್ಕೆ ನಿಂತಿದೆ. ಇದು ಮೊದಲನೆಯದು. ಹೀಟರಿನ ಒಳಹೋದ ನೀರಿಗೂ ಹೊರಬಂದ ನೀರಿಗೂ 28 ಡಿಗ್ರಿ ಅಂತರವಿದೆ. ಹರಿವು ಚೆನ್ನಾಗಿದ್ದರೆ ಹತ್ತು ಹದಿನೈದು ಡಿಗ್ರಿ ಇಳಿಯಬೇಕು ಅಷ್ಟೆ. ನೀರು ಕೋರಿನೊಳಗೆ ತೆವಳುತ್ತಿದೆ, ದಾರಿ ಕಟ್ಟಿದೆ. ಇದು ಎರಡನೆಯದು. ಎರಡೂ ಪೈಪು ಚೆನ್ನಾಗಿ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದಿದ್ದರೆ ಒಳಗಿನ ಕದವನ್ನೋ ಅದರ ಕೇಬಲನ್ನೋ ದೂರಬೇಕಿತ್ತು. ಗುಂಡಿ ತಿರುಗಿಸಿದಾಗ ಕದ ಬಡಿಯುವ ಸದ್ದು ಕೇಳಿಸುತ್ತದೆ, ಅದು ಸರಿಯಿದೆ.

ಸಂಜೆ ಗ್ಯಾರೇಜು ಸಾಲಿಗೆ ಹೋದೆ. ಚಳಿಗಾಲದಲ್ಲಿ ಅರ್ಧಕ್ಕರ್ಧ ಬಾಗಿಲು ಹಾಕಿರುತ್ತವೆ, ಕೆಲಸಗಾರರು ತಮ್ಮ ತಮ್ಮ ಊರಿಗೆ ಇಳಿದುಹೋಗಿರುತ್ತಾರೆ. ಕಾಶ್ಮೀರದ ಉಸ್ತಾದ್ ಒಬ್ಬರು ಇದ್ದರು. ಅಂಕಿಗಳನ್ನು ಕೇಳಿ, ಪೈಪುಗಳನ್ನು ತಾವೂ ಮುಟ್ಟಿ ನೋಡಿ, "ಮೇಡಂ, ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಈಗ ಬೇಡ. ಮೊದಲು ರೇಡಿಯೇಟರ್ ಮುಂದೆ ರಟ್ಟು ಇಟ್ಟು ಓಡಿಸಿ ನೋಡಿ" ಅಂದರು. ಬಂದ ಗಿರಾಕಿಗೆ ಹೀಟರ್ ಕೋರ್ ಬದಲಾಯಿಸಿ ಎನ್ನುವುದು ಸುಲಭವಿತ್ತು. ಹಾಗೆ ಹೇಳದವರ ಮೇಲೆ ಗೌರವ ಹುಟ್ಟಿತು. ರಟ್ಟು ಕಟ್ಟಿ ಅದೇ ದಾರಿಯಲ್ಲಿ ಓಡಿಸಿದೆ. 48 ಇದ್ದದ್ದು 63ಕ್ಕೆ ಏರಿತು. ರೇಡಿಯೇಟರಿಗೆ ತಾಗುವ ಗಾಳಿ ಕಡಿಮೆಯಾದರೆ ಇಂಜಿನ್ ಕಾಯುತ್ತದೆ ಎಂದರೆ ಥರ್ಮೋಸ್ಟಾಟ್ ಮೇಲಿನ ಅನುಮಾನ ಗಟ್ಟಿಯಾಯಿತು.

ಜನವರಿ 8, ಭಾನುವಾರ

ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಹೌಸಿಂಗ್ ಬಿಚ್ಚಿದೆ. ಕೂಲಂಟನ್ನು ಸ್ವಲ್ಪ ಕೆಳಗಿಳಿಸಿ, ಮೇಲಿನ ಪೈಪಿನ ಕ್ಲಿಪ್ ಸಡಿಲಿಸಿ, ಎರಡು ಬೋಲ್ಟು ತೆಗೆದರೆ ಸಾಕು. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ ಎಂದುಕೊಂಡಿದ್ದೆ.

ಒಳಗೆ ಥರ್ಮೋಸ್ಟಾಟೇ ಇಲ್ಲ. ಅದು ಕೂರಬೇಕಾದ ಬಳೆಯಾಕಾರದ ಜಾಗ ಖಾಲಿ. ಸುತ್ತ ಕೆಂಪು ಮಣ್ಣಿನಂಥ ಗಸಿ.

ಬಳ್ಳಾರಿಯ ಅಕ್ಕನ ಮನೆಗೆ ಫೋನ್ ಮಾಡಿದೆ. ಗಾಡಿ ಭಾವನದು, ಹೋದ ಬೇಸಿಗೆಯಲ್ಲಿ ಅವರಿಂದ ಕೊಂಡು ಮನಾಲಿ ದಾರಿಯಲ್ಲಿ ತಂದದ್ದು.

"ಭಾವ, ಥರ್ಮೋಸ್ಟಾಟ್ ಯಾವಾಗಲಾದರೂ ತೆಗೆಸಿದ್ರಾ?"

"ಹೂಂನಮ್ಮಾ, ಒಂದ್ಸಲ ಹೊಸಪೇಟೆಗೆ ಹೋಗೋವಾಗ ಹೀಟ್ ಆಗಿ ನಿಂತುಬಿಡ್ತು. ನಮ್ಮ ಗ್ಯಾರೇಜಿನವನು, ಇದು ಇರೋದ್ರಿಂದ್ಲೇ ತೊಂದ್ರೆ, ನಮ್ಮ ಊರಿಗೆ ಇದು ಬೇಕಾಗೇ ಇಲ್ಲ ಅಂದ, ತೆಗೆದು ಬಿಸಾಕಿದ. ಆಮೇಲೆ ಮುಳ್ಳು ಮೇಲಕ್ಕೇ ಬಂದಿಲ್ಲ ನೋಡು. ನೀರು ಕಡಿಮೆಯಾದ್ರೆ ಬೋರ್ ನೀರು ಹಾಕ್ತಿದ್ವಿ, ಅಷ್ಟೇ."

ಅವರ ಮಾತಿನಲ್ಲಿ ಕಪಟವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಊರಿನಲ್ಲಿ ಗಾಡಿ ಕುದಿದು ರಸ್ತೆಯಲ್ಲಿ ನಿಂತಾಗ ಏನಾದರೂ ಮಾಡಿ ಓಡಿಸಿದರೆ ಸಾಕು ಅನಿಸುವುದು ಸಹಜ. ಆದರೆ ಈ ಪದ್ಧತಿ ನಮ್ಮ ಬಯಲುಸೀಮೆಯ ಗ್ಯಾರೇಜುಗಳಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಗಾಡಿ ಬಿಸಿಯಾದರೆ ಮೊದಲ ಮದ್ದು ಇದೇ. ನನಗೆ ಇದು ಸರಿಕಾಣುವುದಿಲ್ಲ. ಥರ್ಮೋಸ್ಟಾಟ್ ಒಂದು ಸಣ್ಣ ಕವಾಟ. ಅದರ ಹೊಟ್ಟೆಯಲ್ಲಿ ಮೇಣ ಇರುತ್ತದೆ. ಕೂಲಂಟ್ ತಣ್ಣಗಿರುವಾಗ ಮೇಣ ಗಟ್ಟಿ, ಕವಾಟ ಮುಚ್ಚಿರುತ್ತದೆ, ನೀರು ಇಂಜಿನ್ ಮತ್ತು ಹೀಟರಿನ ಒಳಗೇ ಸುತ್ತುತ್ತದೆ. 82 ಡಿಗ್ರಿಯ ಸುಮಾರಿಗೆ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಆಗ ರೇಡಿಯೇಟರಿನ ದಾರಿ ತೆರೆಯುತ್ತದೆ. ತಂತಿಯಿಲ್ಲ, ಕರೆಂಟಿಲ್ಲ. ಇಂಜಿನ್ ಬೇಗ ಕಾಯಬೇಕು, ಕಾದ ಮೇಲೆ ಒಂದೇ ಮಟ್ಟದಲ್ಲಿ ನಿಲ್ಲಬೇಕು ಎಂಬುದಷ್ಟೇ ಅದರ ಕೆಲಸ. ಅದನ್ನು ಕಿತ್ತರೆ ಇಂಜಿನ್ ಸದಾ ತಣ್ಣಗೆ ಓಡುತ್ತದೆ. ಡೀಸೆಲ್ ಸರಿಯಾಗಿ ಉರಿಯದೆ ಹೊಗೆ ಹೆಚ್ಚುತ್ತದೆ, ಮೈಲೇಜು ಇಳಿಯುತ್ತದೆ, ಇಂಜಿನ್ ಆಯಿಲಿನೊಳಗೆ ಸೇರಿದ ತೇವ ಆರುವುದೇ ಇಲ್ಲ, ಸವೆತ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ತಳಭಾಗ ಒಳಸುತ್ತಿನ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥವುಗಳಲ್ಲಿ ಕಿತ್ತು ಹಾಕಿದರೆ ನೀರು ರೇಡಿಯೇಟರ್ ತಪ್ಪಿಸಿಕೊಂಡು ಸುತ್ತಿ, ಗಾಡಿ ಇನ್ನಷ್ಟು ಬಿಸಿಯಾಗುವುದೂ ಉಂಟು.

ಇನ್ನೂ ಬೇಸರದ ವಿಷಯ: ಅವತ್ತು ಹೊಸಪೇಟೆ ದಾರಿಯಲ್ಲಿ ಗಾಡಿ ಕುದಿಯಲು ನಿಜವಾದ ಕಾರಣ ಈ ಹೌಸಿಂಗಿನಲ್ಲೇ ಕಾಣುತ್ತಿದೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟುಹೋದ ಸುಣ್ಣದ ಪದರ, ತುಕ್ಕು. ರೇಡಿಯೇಟರ್ ಕಟ್ಟಿತ್ತು. ಅದನ್ನು ತೊಳೆಯುವ ಬದಲು ಮುಳ್ಳನ್ನು ಮಲಗಿಸಿದರು. ಕಾಯಿಲೆ ಹಾಗೇ ಉಳಿದು ಹೀಟರ್ ಕೋರಿಗೂ ಇಳಿಯಿತು.

ಜನವರಿ 9, ಸೋಮವಾರ

ಇಲ್ಲಿ ನಮ್ಮ ಇಂಜಿನ್ನಿಗೆ ಹೊಂದುವ ಥರ್ಮೋಸ್ಟಾಟ್ ಸಿಗಲಿಲ್ಲ. ಮನಾಲಿ ರಸ್ತೆ ಮುಚ್ಚಿದೆ, ಕೊರಿಯರ್ ನಂಬಿ ಕೂರುವಂತಿಲ್ಲ. ಗುರುವಾರ ಬೆಂಗಳೂರಿನಿಂದ ವಿಮಾನದಲ್ಲಿ ಬರುವ ಸಹೋದ್ಯೋಗಿಗೆ ಹೇಳಿದೆ. ಅವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ, ಇಂಜಿನ್ ನಂಬರ್ ತೋರಿಸಿ, 82 ಡಿಗ್ರಿಯದನ್ನೇ ತಂದುಕೊಡಬೇಕು. ಜೊತೆಗೆ ಪ್ಯಾಕಿಂಗ್ ಮತ್ತು ಒಂದು ಹೊಸ ರೇಡಿಯೇಟರ್ ಮುಚ್ಚಳ.

ಮುಚ್ಚಳ ಯಾಕೆ ಎಂದು ಅವರು ಕೇಳಿದರು. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟು, ನೀರು ಇಲ್ಲಿ 88 ಡಿಗ್ರಿಗೇ ಕುದಿಯುತ್ತದೆ. ಹಾನ್ಲೆಯಲ್ಲಿ 85ಕ್ಕೆ. 82ಕ್ಕೆ ತೆರೆಯಲು ಶುರುವಾಗುವ ಥರ್ಮೋಸ್ಟಾಟಿಗೂ ಕುದಿಯುವ ಬಿಂದುವಿಗೂ ಅಂತರವೇ ಇಲ್ಲ. ಗ್ಲೈಕಾಲ್ ಸೇರಿದ್ದರಿಂದ ಕೆಲವು ಡಿಗ್ರಿ ಮೇಲೆ ಹೋಗುತ್ತದೆ ನಿಜ, ಆದರೆ ಮುಖ್ಯವಾಗಿ ಕಾಪಾಡುವುದು ಮುಚ್ಚಳದ ಸ್ಪ್ರಿಂಗು. ಅದು ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವುದನ್ನು ನೂರರಾಚೆಗೆ ತಳ್ಳುತ್ತದೆ. ಬಯಲಿನಲ್ಲಿ ಸಡಿಲ ಮುಚ್ಚಳದಲ್ಲೂ ಹೇಗೋ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಪೆಟ್ರೋಲ್ ಬಂಕಿನ ಬಳಿ ಒಬ್ಬ ಲಾರಿ ಡ್ರೈವರ್ ಕ್ಯಾಬಿನ್ ಒಳಗೆ ಪುಟ್ಟ ಗ್ಯಾಸ್ ಒಲೆ ಹಚ್ಚಿಕೊಂಡು ಗಾಜು ಏರಿಸಿ ಕೂತಿದ್ದ. ಅವನ ಹೀಟರೂ ಕೆಟ್ಟಿದೆಯಂತೆ. ಗಾಜು ತಟ್ಟಿ ಇಳಿಸಲು ಹೇಳಿದೆ. ಮುಚ್ಚಿದ ಜಾಗದಲ್ಲಿ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತಾಗಿ ಮನುಷ್ಯ ಏಳುವುದೇ ಇಲ್ಲ. ಅವನು ಒಲೆ ಆರಿಸಿ ಕೆಳಗಿಳಿದ. 2019ರಿಂದ ಇಲ್ಲಿಗೆ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ಬರುತ್ತಿದೆ, ಹೆಪ್ಪುಗಟ್ಟಿದ ಡೀಸೆಲ್ ಕರಗಿಸಲು ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವ ಕಷ್ಟ ಬಹಳ ಮಟ್ಟಿಗೆ ತಪ್ಪಿದೆ. ಹೀಟರ್ ವಿಷಯದಲ್ಲಿ ಮಾತ್ರ ಜನ ಇನ್ನೂ ಜೀವವನ್ನೇ ಒತ್ತೆ ಇಡುತ್ತಿದ್ದಾರೆ.

ಜನವರಿ 11, ಬುಧವಾರ

ಥರ್ಮೋಸ್ಟಾಟ್ ಬರುವಷ್ಟರಲ್ಲಿ ಹೀಟರ್ ಕೋರ್ ತೊಳೆದುಬಿಡಬೇಕೆಂದು ರಜೆ ಹಾಕಿದೆ.

ಕೆಳಗಿನ ಊರುಗಳಲ್ಲಿ ಇದು ಅರ್ಧ ಗಂಟೆಯ ಕೆಲಸ. ನಲ್ಲಿಗೆ ಪೈಪು ಸಿಕ್ಕಿಸಿದರಾಯಿತು. ಇಲ್ಲಿ ಜನವರಿಯಲ್ಲಿ ನಲ್ಲಿಯಲ್ಲಿ ನೀರೇ ಇಲ್ಲ, ಕೊಳವೆಗಳು ಹೆಪ್ಪುಗಟ್ಟಿ ಒಡೆಯದಿರಲೆಂದು ಖಾಲಿ ಮಾಡಿಟ್ಟಿರುತ್ತಾರೆ. ಟ್ಯಾಂಕರಿನಿಂದ ಡ್ರಮ್ಮಿಗೆ ಹಿಡಿದ ನೀರೇ ಗತಿ. ಮನೆಯೊಡತಿ ಅಮಾಲೇ ಬುಖಾರಿ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ಇಟ್ಟುಕೊಟ್ಟರು. "ನೋಮೋ (ತಂಗಿ), ಗಾಡಿಗೆ ಸ್ನಾನವಾ?" ಎಂದು ನಕ್ಕರು. ಅವರ ಒಂದು ದಿನದ ನೀರನ್ನು ನಾನು ಖರ್ಚು ಮಾಡುತ್ತಿದ್ದೇನೆ ಎಂಬುದು ಮನಸ್ಸಿನಲ್ಲಿತ್ತು. ಹಾಗಾಗಿ ಒಂದು ಲೋಟವನ್ನೂ ಅಂದಾಜಿಗೆ ಸುರಿಯಲಿಲ್ಲ.

ಕೋರನ್ನು ತೊಳೆಯುವಾಗ ಒತ್ತಡ ಹೆಚ್ಚಾಗಬಾರದು. ಗ್ಯಾರೇಜಿನ ಕಂಪ್ರೆಸರ್ ಗಾಳಿ ಬಿಟ್ಟು ಅದರ ತೆಳು ನಳಿಕೆಗಳನ್ನು ಒಡೆದು, ಕೊನೆಗೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗಿ ಬಂದ ಕತೆಗಳನ್ನು ಉಸ್ತಾದ್ ಹೇಳಿದ್ದರು. ಅದಕ್ಕೆ ಎತ್ತರವನ್ನೇ ಬಳಸಿಕೊಂಡೆ. ಹತ್ತು ಮೀಟರ್ ನೀರಿನ ಕಂಬಕ್ಕೆ ಹತ್ತಿರಹತ್ತಿರ ಒಂದು ವಾತಾವರಣದ ಒತ್ತಡ. ಮಹಡಿಯ ಕಿಟಕಿಯಿಂದ ಗಾಡಿಯ ಬಾನೆಟ್‌ಗೆ ಸುಮಾರು ಮೂರು ಮೀಟರ್ ಇಳಿತ. ಅಲ್ಲಿ ಬಕೆಟ್ ಇಟ್ಟು ಪೈಪು ಇಳಿಬಿಟ್ಟರೆ ಮೆಲುವಾದ, ಒಂದೇ ಸಮನಾದ ಒತ್ತಡ ಸಿಗುತ್ತದೆ. ಅಚೋಲೇ ಮೇಲೆ ಬಕೆಟ್ ಹಿಡಿದರು.

ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಹೀಟರಿನ ಎರಡು ಪೈಪು ಒಳಹೋಗುವ ಕಡೆ ಕ್ಲಿಪ್ ಬಿಚ್ಚಿದೆ. ಮೊದಲು ಹರಿವನ್ನು ಅಳೆದೆ. ಒಂದು ಲೀಟರ್ ದಾಟಲು ಒಂದು ನಿಮಿಷಕ್ಕೂ ಮೇಲೆ ಹಿಡಿಯಿತು. ಆಮೇಲೆ ನೀರನ್ನು ಉಲ್ಟಾ ದಿಕ್ಕಿನಲ್ಲಿ, ಹೊರಬರುವ ಬಾಯಿಯಿಂದ ಒಳಕ್ಕೆ ಬಿಟ್ಟೆ. ವರ್ಷಗಟ್ಟಲೆ ಒಂದೇ ದಿಕ್ಕಿನಿಂದ ಬಂದು ಒತ್ತಿಕೊಂಡ ಗಸಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ದೂಡುವುದು ಸುಲಭ. ಮೊದಲು ಬಂದದ್ದು ಬಳ್ಳಾರಿಯ ಕೆಂಪು ರಾಡಿ. ಅಕ್ಕನ ಮನೆಯ ಬೋರ್‌ವೆಲ್ಲು ಇಲ್ಲಿವರೆಗೂ ಬಂದಿತ್ತು. ಬಕೆಟ್ ಖಾಲಿಯಾದ ಮೇಲೆ ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಕದಡಿ ತುಂಬಿ, ಎರಡೂ ಬಾಯಿ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ತೆರೆದಾಗ ಬಂದ ನೀರು ಚಹಾದ ಬಣ್ಣದ್ದು, ಅದರಲ್ಲಿ ಸುಣ್ಣದ ಚಕ್ಕೆಗಳು. ಮತ್ತೊಮ್ಮೆ ಅದೇ. ಆಮೇಲೆ ಅಡಿಗೆ ಸೋಡಾ ಹಾಕಿದ ನೀರು, ಕೊನೆಗೆ ಬರೀ ನೀರು, ತಿಳಿಯಾಗುವವರೆಗೆ.

ಮತ್ತೆ ಅಳೆದೆ. ಒಂದು ಲೀಟರಿಗೆ ಎಂಟು ಸೆಕೆಂಡ್.

ಮೇಲಿನಿಂದ ಅಚೋಲೇ "ಆಯ್ತಾ?" ಎಂದು ಕೂಗಿದರು. ನನಗೆ ಬಾಯಿ ತುಂಬ ನಗು, ಉತ್ತರ ಕೊಡಲೂ ಆಗಲಿಲ್ಲ.

ಆದರೆ ಕೂರುವಂತಿರಲಿಲ್ಲ. ಮೂರೂವರೆಗೆ ನಮ್ಮ ಅಂಗಳದ ಬಿಸಿಲು ಹೋಗುತ್ತದೆ. ಕೋರಿನಲ್ಲಿ ಬರೀ ನೀರು ಉಳಿದರೆ ರಾತ್ರಿ ಹೆಪ್ಪುಗಟ್ಟಿ, ಒಂಬತ್ತು ಪರ್ಸೆಂಟ್ ಹಿಗ್ಗಿ, ಇಷ್ಟು ಜೋಪಾನ ಮಾಡಿದ ನಳಿಕೆಗಳನ್ನು ತಾನೇ ಸೀಳುತ್ತದೆ. ಕಾಲಿನ ಪಂಪಿನಿಂದ ಮೆಲ್ಲಗೆ ಗಾಳಿ ಒತ್ತಿ ನೀರು ಹೊರಡಿಸಿ, ಕೂಡಲೇ ಸಮಪಾಲಿನ ಕೂಲಂಟ್ ತುಂಬಿ ಬಾಯಿ ಕಟ್ಟಿದೆ. ಇಂಜಿನ್ನಿನ ಹಳೆಯ ಕೂಲಂಟನ್ನೂ ಪೂರ್ತಿ ಇಳಿಸಿ ಕ್ಯಾನಿಗೆ ತುಂಬಿಟ್ಟೆ. ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಲೇಹ್‌ನ ಬೀದಿಯಲ್ಲಿ ಎಷ್ಟೊಂದು ನಾಯಿಗಳಿವೆ! ನೆಲಕ್ಕೆ ಚೆಲ್ಲಿದರೆ ನೆಕ್ಕಿ ಸಾಯುತ್ತವೆ.

ಜನವರಿ 12, ಗುರುವಾರ

ಬೆಳಗಿನ ವಿಮಾನದಲ್ಲಿ ಥರ್ಮೋಸ್ಟಾಟ್ ಬಂತು. ಅಂಗೈಯಲ್ಲಿ ಅಡಗುವ ಸಾಮಾನು, ಬೆಲೆ ಸಾವಿರ ರೂಪಾಯಿಗೂ ಕಡಿಮೆ. ಅಂಚಿನಲ್ಲಿ 82 ಎಂದು ಒತ್ತಿದೆ.

ಹೊಸದಾದರೂ ಪರೀಕ್ಷಿಸದೆ ಹಾಕಲು ಮನಸ್ಸಾಗಲಿಲ್ಲ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟೆ, ತಳ ಮುಟ್ಟದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್. 70, 75, 80, ಏನೂ ಇಲ್ಲ. 81 ದಾಟಿದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ನೋಡನೋಡುತ್ತಾ ಅಗಲವಾಯಿತು. 88ಕ್ಕೆ ನೀರು ಕುದಿಯಿತು, ಅಲ್ಲಿಗೆ ನಿಂತಿತು. ಕಂಪನಿಯ ಲೆಕ್ಕದಲ್ಲಿ ಇದು ಪೂರ್ತಿ ತೆರೆಯುವುದು 95ಕ್ಕೆ. ಲೇಹ್‌ನ ಅಡಿಗೆಮನೆಯಲ್ಲಿ ತೆರೆದ ಪಾತ್ರೆಯ ನೀರು 95ಕ್ಕೆ ಏರುವುದೇ ಇಲ್ಲ. ಇಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯದಿರುವುದು ಇದೇ ಕಾರಣಕ್ಕೆ. ಈ ಪರೀಕ್ಷೆ ಮಾಡಿ "ಅರ್ಧವೇ ತೆರೆಯಿತು, ಇದು ಕೆಟ್ಟದ್ದು" ಎಂದು ಒಳ್ಳೆಯ ಥರ್ಮೋಸ್ಟಾಟನ್ನು ಬಿಸಾಡುವವರು ಈ ಎತ್ತರದಲ್ಲಿ ಇರಬಹುದು. ಸರಿಯಾದ ಬಿಂದುವಿನಲ್ಲಿ ತೆರೆಯಲು ಶುರುವಾಯಿತೇ, ತಣಿದಾಗ ಗಟ್ಟಿಯಾಗಿ ಮುಚ್ಚಿಕೊಂಡಿತೇ, ಇವೆರಡು ನೋಡಿದರೆ ಸಾಕು.

ಜನವರಿ 13, ಶುಕ್ರವಾರ

ಜೋಡಣೆ ಉಸ್ತಾದ್ ಗ್ಯಾರೇಜಿನಲ್ಲಿ. ಮೇಣದ ಬಲ್ಬು ಇಂಜಿನ್ ಕಡೆಗಿರಬೇಕು, ಗಾಳಿ ಹೋಗುವ ಸಣ್ಣ ತೂತು ಮೇಲ್ಗಡೆಗೆ ಬರಬೇಕು. ನಾನು ಹೇಳದೆಯೇ ಉಸ್ತಾದ್ ಎರಡನ್ನೂ ಸರಿಯಾಗಿ ನೋಡಿ ಕೂರಿಸಿದರು. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಕೆರೆಯಲು ತೆಗೆದುಕೊಂಡ ಹೊತ್ತೇ ಜಾಸ್ತಿ.

ನಂತರ ಗಾಳಿ ತೆಗೆಯುವುದು. ಈ ಹಂತದಲ್ಲಿ ಅವಸರ ಮಾಡಿದರೆ ಹಿಂದಿನ ಎಲ್ಲ ಕೆಲಸವೂ ನೀರಿನ ಪಾಲು. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದಿಟ್ಟು, ತಣ್ಣನೆ ಇಂಜಿನ್ ಚಾಲೂ ಮಾಡಿ ಕೂಲಂಟನ್ನು ಸಣ್ಣ ಧಾರೆಯಲ್ಲಿ ಹಾಕುತ್ತಾ ಹೋದರು. ನಾನು ಹೀಟರ್ ಪೈಪುಗಳನ್ನು ಹಿಸುಕುತ್ತಾ ನಿಂತೆ. ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಆಮೇಲೆ ಬರಿಯ ನೀರು. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಚಿಂತಿಸಬೇಕಿತ್ತು. ನಿಂತಿತು. ನೀರು ಕಂಠದ ಹತ್ತಿರ ಉಬ್ಬತೊಡಗುವ ಮುಂಚೆಯೇ ಹೊಸ ಮುಚ್ಚಳ ಬಿಗಿದರು. ಈ ಎತ್ತರದಲ್ಲಿ ಮುಚ್ಚಳವಿಲ್ಲದೆ ಕಾಯಿಸುತ್ತಾ ಹೋದರೆ ಕುದಿದು ಉಕ್ಕುತ್ತದೆ.

ಕೂಲಿ ಎಷ್ಟೆಂದರೆ ನನ್ನ ಅಂಕಿಗಳ ಹಾಳೆಯನ್ನು ಗೋಡೆಗೆ ಅಂಟಿಸಲು ಕೇಳಿದರು. ದುಡ್ಡನ್ನೂ ಕೊಟ್ಟೆ, ಹಾಳೆಯನ್ನೂ.

ಜನವರಿ 15, ಭಾನುವಾರ, ಸಂಕ್ರಾಂತಿ

ನಿನ್ನೆ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ಬೆರಳಿನಷ್ಟು ಇಳಿದಿತ್ತು, ತುಂಬಿದೆ. ಇವತ್ತು ಇಳಿದಿಲ್ಲ.

ಕಾರು ಊರಿನವರೆಗೆ ಓಡಿಸಿ ಅಳೆದೆ. ಹೊರಗೆ ಮೈನಸ್ 11. ಹೌಸಿಂಗ್ 84. ಹೀಟರಿನ ಒಳಪೈಪು 80, ಹೊರಪೈಪು 67. ಗಾಳಿ 52 ಡಿಗ್ರಿ. ಮುಂದಿನ ಗಾಜು ಪೂರ್ತಿ ತಿಳಿ. ರಟ್ಟು ತೆಗೆದುಹಾಕಿದ್ದೆ. ಬಿಸಿಲಿನ ಏರಿನಲ್ಲಿ ಅದನ್ನು ಮರೆತು ಬಿಟ್ಟರೆ ಇಂಜಿನ್ ಕುದಿಯುತ್ತದೆ, ಮತ್ತು ಈಗ ಅದರ ಅಗತ್ಯವೂ ಇಲ್ಲ.

ಸಹೋದ್ಯೋಗಿ ತಂದ ಎಳ್ಳುಬೆಲ್ಲವನ್ನು ಅಮಾಲೇಗೂ ಅಚೋಲೇಗೂ ಕೊಟ್ಟೆ. ಅಕ್ಕನ ಮನೆಗೆ ಫೋನ್. ಭಾವ ಎಲ್ಲವನ್ನೂ ಕೇಳಿ, "ಹಂಗಾದ್ರೆ ಈಗಿರೋ ಗಾಡೀದೂ ತೆಗ್ಸಿದೀನಲ್ಲಮ್ಮಾ?" ಅಂದರು. ಮೊದಲು ರೇಡಿಯೇಟರ್ ತೊಳೆಸಿ, ಆಮೇಲೆ ಹೊಸ ಥರ್ಮೋಸ್ಟಾಟ್ ಹಾಕಿಸಿ, ಬೋರ್ ನೀರು ನಿಲ್ಲಿಸಿ ಕೂಲಂಟ್ ಹಾಕಿಸಿ ಎಂದು ಹೇಳಿದೆ. ಬಳ್ಳಾರಿಯಲ್ಲಿ ಕೂಲಂಟ್ ಚಳಿಗಲ್ಲ, ತುಕ್ಕು ತಡೆಯುವುದಕ್ಕೆ ಮತ್ತು ಕುದಿಯುವ ಬಿಂದು ಏರಿಸುವುದಕ್ಕೆ. ಅವರಿಗೆ ಈ ಮಾತು ಹಿಡಿಸಿತು.

ಜನವರಿ 19, ಗುರುವಾರ, ಹಾನ್ಲೆ

ನಿನ್ನೆ ಸಂಜೆ ತಲುಪಿದೆವು. ನ್ಯೋಮಾ, ಲೋಮಾ ದಾಟಿ ಬಯಲಿನ ಗಾಳಿಯಲ್ಲೂ ಮುಳ್ಳು ಮಧ್ಯದಿಂದ ಕದಲಲಿಲ್ಲ. ಸೆನ್ಸರ್ ಬದಲಾಯಿಸಿದ್ದೇನೆ. ಬೆಳಗಿನ ಜಾವ ಇಲ್ಲಿಯವರು ಬೈನಾಕ್ಯುಲರಿನಲ್ಲಿ ಹಸಿರು ಧೂಮಕೇತುವೊಂದನ್ನು ತೋರಿಸಿದರು. ಅಮಾವಾಸ್ಯೆ ಹತ್ತಿರವಿರುವುದರಿಂದ ಚೆನ್ನಾಗಿ ಕಂಡಿತು.

ಬರುವ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಹಳೆಯ ಗಾಡಿ ಕೊಂಡು ಮೇಲೆ ತರುವ ಯೋಚನೆಯಲ್ಲಿರುವ ಸಹೋದ್ಯೋಗಿಗೆ ಇಲ್ಲಿಂದಲೇ ಬರೆದು ಕಳಿಸಿದೆ: ಮುಳ್ಳು ಯಾವಾಗಲೂ ಕೆಳಗೇ ಇರುತ್ತದೆ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಖುಷಿಪಡಬೇಡಿ. ಊರು ಬಿಡುವ ಮುಂಚೆ ಹೌಸಿಂಗಿನ ಎರಡು ಬೋಲ್ಟು ಬಿಚ್ಚಿಸಿ, ಥರ್ಮೋಸ್ಟಾಟ್ ಇದೆಯೋ ಇಲ್ಲವೋ ನಿಮ್ಮ ಕಣ್ಣಿನಿಂದಲೇ ನೋಡಿ.